‘ಊಟಾ ಆತ?’ ಅಂತ ಕೇಳುತ್ತಿದ್ದ ಹಕ್ಕಿ

ಮೃಗಶಿರ ಮಳೆ ಎರಡು ದಿನ ಬಿದ್ದು ನಿಂತಿತ್ತು. ಮಧ್ಯಾಹ್ನ ಮೂರರ ಹೊತ್ತು. ನಮ್ಮ ಓಣಿಯ ಹುಡುಗ ಬೂಟಿನ ಡಬ್ಬಿಯೊಂದನ್ನು ಎದೆಗೆ ಅವುಚಿಕೊಂಡು ಗೇಟು ತಳ್ಳಿ ಬಂದ. ಡಬ್ಬಿಯೊಳಗೆ ಗೊರವಂಕದ ಮರಿ. ಮೈತುಂಬ ಪುಕ್ಕ ಬಂದಿದೆ, ಬಾಲ ಮಾತ್ರ ಇನ್ನೂ ಮೋಟು. ಕೊಕ್ಕಿನ ಸುತ್ತ ಒದ್ದೆ ಬ್ರೆಡ್ಡು ಮೆತ್ತಿಕೊಂಡಿದೆ. ‘ಹಾಲಾಗ ಬ್ರೆಡ್ ತೋಯಿಸಿ ಕೊಟ್ಟೀನ್ರಿ ಕಾಕು, ತಿನ್ನವಲ್ದು. ಏನ್ ತಿನಸಬೇಕ್ರಿ ಇದಕ್ಕ?’ ಅಂದ. ಅವನ ಬೆನ್ನ ಹಿಂದೆ ಕರೆಂಟಿನ ವಾಯರ್ ಮೇಲೆ ಎರಡು ದೊಡ್ಡ ಗೊರವಂಕ ಕೂತು ಗಂಟಲು ಹರಿದುಹೋಗುವಂತೆ ಕೂಗುತ್ತಿದ್ದವು. ಅವನ ಗಮನವೆಲ್ಲ ಡಬ್ಬಿಯೊಳಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿನಿಂದ ಬಟ್ಟಲು ಹಿಡಿದು ಬಂದಳು. ಬೆಲ್ಲ ಕದಡಿದ ನೀರು. ಅದಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿದ್ದಳು. ‘ಬಿಸಲಾಗ ಬಿದ್ದೈತಿ ಪಾಪ, ಎರಡ ಹನಿ ಬಾಯಾಗ ಬಿಡ್ತೀನಿ’ ಅಂತ ಬೆರಳು ಅದ್ದಿದಳು. ನಾನು ಅವಳ ಕೈ ಹಿಡಿದೆ. ಜಾಸ್ತಿಯೇ ಜೋರಾಗಿ ಹಿಡಿದೆ ಅಂತ ಆಮೇಲೆ ಅನಿಸಿತು. ಅವ್ವಗೆ ಈಗ 79. ಅವಳು ಸುಮ್ನೆ ನನ್ನ ಮುಖ ನೋಡಿದಳು. ಏನಾಯಿತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆವತ್ತಿನಿಂದ ಆ ಬಟ್ಟಲು, ಆ ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಯಾಕೆಂದರೆ ಅದೇ ಬೆರಳು, ಅದೇ ಪಾನಕ ನಾನು ಇನ್ನೊಂದು ಸಲ ನೋಡಿದ್ದೇನೆ. ಆಗ ನನಗೆ 13 ವರ್ಷ.

ಚೆನ್ನಿ

ನಮ್ಮೂರು ಇಂಡಿ ತಾಲೂಕಿನದು. ಲಿಂಬೆ ತೋಟದ ಊರು. ಕಾಕಾ ಆಗ ಲಾರಿ ಓಡಿಸುತ್ತಿದ್ದರು. ದಾಂಡೇಲಿ ಕಡೆಯಿಂದ ಕಟ್ಟಿಗೆ ಹೇರಿಕೊಂಡು ವಿಜಯಪುರಕ್ಕೆ ಬರುತ್ತಿದ್ದರು. 1985ರ ದೀಪಾವಳಿ ಮುಂದೆ ಒಂದು ಪಂಜರ ತಂದರು. ನಮ್ಮ ಹೊಲದಲ್ಲಿ ನೇಗಿಲ ಹಿಂದೆ ನಡೆದು ಹುಳ ಹೆಕ್ಕುವ ಗೊರವಂಕ ಅಲ್ಲ ಅದು. (ಸೊಲ್ಲಾಪುರದ ಕಡೆಯ ನಮ್ಮ ನೆಂಟರು ಗೊರವಂಕಕ್ಕೆ ಸಾಳುಂಕಿ ಅಂತಾರೆ. ನನಗೆ ಎರಡೂ ಹೆಸರು ಇಷ್ಟ.) ಇದು ಕಾಡಿನ ಮೈನಾ. ಎಣ್ಣೆ ಹಚ್ಚಿದಂಥ ಕರಿ ಮೈ, ಕಿತ್ತಳೆ ಬಣ್ಣದ ದಪ್ಪ ಕೊಕ್ಕು, ಕಣ್ಣಿನ ಹಿಂದಿನಿಂದ ಕತ್ತಿನ ತನಕ ಹಳದಿ ಚರ್ಮದ ಪಟ್ಟಿ. ಅರಿಶಿನ ಹಚ್ಚಿಕೊಂಡ ಹಾಗೆ ಕಾಣುತ್ತಿತ್ತು. ಅದನ್ನು ನೋಡಿಯೇ ಆಯಿ, ಅಂದರೆ ನಮ್ಮಜ್ಜಿ, ‘ನಮ್ಮ ಚೆನ್ನಿ ಬಂದ್ಲು’ ಅಂದದ್ದು. ಹೆಣ್ಣೋ ಗಂಡೋ ನೋಡಿ ಹೇಳಲು ಆಗುವುದಿಲ್ಲ, ಎರಡೂ ಒಂದೇ ಥರ ಇರುತ್ತವೆ. ಆದರೆ ಹೆಸರು ಉಳಿಯಿತು.

ಪಂಜರವನ್ನು ಪಡಸಾಲೆಯ ಜಂತಿಗೆ ತೂಗುಹಾಕಿದರು. ಕೆಳಗೆ ಹಳೆ ಪೇಪರು. ದಿನಕ್ಕೆ ಮೂರು ಸಲ ಬದಲಿಸಬೇಕಿತ್ತು, ಏಕೆಂದರೆ ಈ ಜಾತಿಯ ಹಕ್ಕಿ ತಿಂದದ್ದು ಬೇಗ ಹೊರಗೆ ಬರುತ್ತದೆ, ಅದೂ ನೀರುನೀರಾಗಿ, ಗೋಡೆಗೂ ಸಿಡಿಯುತ್ತದೆ. ಗಿಳಿ ಸಾಕಿದವರಿಗೆ ಇದರ ಅಂದಾಜು ಇರುವುದಿಲ್ಲ. ಬೈಗುಳಿಲ್ಲದೆ ಅದನ್ನು ಒರೆಸಿದವಳು ಅವ್ವ ಒಬ್ಬಳೇ. ಬೇಸಿಗೆಯಲ್ಲಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಪಂಜರದ ಬಾಗಿಲು ತೆರೆಯುತ್ತಿದ್ದಳು. ಚೆನ್ನಿ ಪರಾತದ ಅಂಚಿಗೆ ಬಂದು ಕೂರುವುದು, ಒಂದು ಕಾಲಿಟ್ಟು ನೋಡುವುದು, ಆಮೇಲೆ ಇಡೀ ಮೈ ಅದ್ದಿ ರೆಕ್ಕೆ ಬಡಿಯುವುದು. ಹೊರಗೆ ವೈಶಾಖದ ಬಿಸಿಲು, ಪಡಸಾಲೆ ತುಂಬ ನೀರು. ಶಾಲೆ ರಜೆ. ನಾವೆಲ್ಲ ಸುತ್ತ ಕೂತು ಮುಖಕ್ಕೆ ಸಿಡಿಸಿಕೊಳ್ಳುತ್ತಿದ್ದೆವು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಖುಷಿಯ ಹೊತ್ತು ನನಗೆ ನೆನಪಿಲ್ಲ.

ಮಾತು ಕಲಿತದ್ದು ಆರು ತಿಂಗಳಾದ ಮೇಲೆ. ಯಾರೂ ಕೂತು ಕಲಿಸಲಿಲ್ಲ. ನಾಲಿಗೆ ಸೀಳಿದರೆ ಮಾತು ಬರುತ್ತದೆ ಅಂತ ಊರಲ್ಲಿ ಒಬ್ಬರು ಹೇಳಿದ್ದರು, ಆಯಿ ಅವರನ್ನು ಕಟ್ಟೆ ಹತ್ತಲು ಬಿಡಲಿಲ್ಲ. (ಆ ನಂಬಿಕೆ ಪೂರಾ ಸುಳ್ಳು. ಹಕ್ಕಿಯ ದನಿ ಹುಟ್ಟುವುದು ನಾಲಿಗೆಯಲ್ಲಿ ಅಲ್ಲ, ಎದೆಯೊಳಗೆ ಶ್ವಾಸನಾಳ ಕವಲೊಡೆಯುವ ಜಾಗದಲ್ಲಿ. ನಾಲಿಗೆ ಸೀಳಿದರೆ ನೋವು ಬಿಟ್ಟು ಮತ್ತೇನೂ ಸಿಗುವುದಿಲ್ಲ.) ಚೆನ್ನಿಗೆ ಬಂದದ್ದು ಮೂರೇ. ಕಾಕಾನ ಸೀಟಿ, ಆಯಿಯ ಕೆಮ್ಮು, ಮತ್ತೆ ‘ಊಟಾ ಆತ?’ ಅನ್ನುವ ಒಂದು ಮಾತು. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಕೇಳುವುದು ಅದನ್ನೇ ಅಲ್ವಾ? ದಿನಕ್ಕೆ 50 ಸಲ ಆ ಮಾತು ಅದರ ಕಿವಿಗೆ ಬಿದ್ದಿರಬೇಕು. ಒಂದು ದಿನ ಬೆಳಿಗ್ಗೆ ಹಾಲು ಹಾಕಲು ಬಂದವರನ್ನು ಆಯಿಯ ದನಿಯಲ್ಲೇ ಕೇಳಿತು. ಅವರು ಒಳಗೆ ನೋಡದೆ ‘ಆತ್ರಿ ಆಯಿ, ನಿಮ್ದು?’ ಅಂದರು.

ಅಲ್ಲಿಂದ ಮುಂದಿನದು ನಿಮಗೇ ಗೊತ್ತಾಗುತ್ತದೆ. ಕೇಳಿದವರಿಗೆ ಉತ್ತರ ಕೊಟ್ಟು ಸುಮ್ನೆ ಹೋಗುವ ಜನ ಅಲ್ಲ ನಮ್ಮವರು. ‘ಆತವ್ವಾ, ನಿಂದ ಆತಿಲ್ಲ?’ ಅಂತ ಪಂಜರದ ಹತ್ತಿರ ಬಂದು ಕೈಯಲ್ಲಿದ್ದದ್ದನ್ನು ಕೊಡುತ್ತಿದ್ದರು. ಹಾಲಿಗೆ ಮುರಿದ ಜೋಳದ ರೊಟ್ಟಿ. ಬೆಲ್ಲ ಕಲಸಿದ ಪುಠಾಣಿ ಹಿಟ್ಟು. ತಿಕೋಟಾದ ನೆಂಟರು ಬಂದರೆ ಮಣೂಕ, ಅಂದರೆ ಒಣದ್ರಾಕ್ಷಿ. ಪಂಚಮಿಗೆ ಶೇಂಗಾದ ಉಂಡಿ. ದನಿ ಚೊಕ್ಕ ಆಗಲಿ ಅಂತ ಕೆಂಪು ಮೆಣಸಿನಕಾಯಿ, ಅದನ್ನಂತೂ ಕಣ್ಣು ಮುಚ್ಚಿ ತಿನ್ನುತ್ತಿತ್ತು. ಹಕ್ಕಿಗಳಿಗೆ ಖಾರ ಉರಿಯುವುದೇ ಇಲ್ಲ, ಹಾಗಾಗಿ ಅದರಿಂದ ಏನೂ ಕೆಟ್ಟದ್ದಾಗಿಲ್ಲ. ಉಳಿದದ್ದರ ಬಗ್ಗೆ ಹಾಗೆ ಹೇಳಲಾರೆ. ಚೆನ್ನಿಗೆ ಬೇಗ ಗೊತ್ತಾಯಿತು: ಈ ಒಂದು ಮಾತು ಆಡಿದರೆ ಏನಾದರೂ ಬಾಯಿಗೆ ಬರುತ್ತದೆ. ಆಮೇಲೆ ಅದು ನಿಲ್ಲಿಸಲೇ ಇಲ್ಲ.

ನಾಲ್ಕನೇ ಬೇಸಿಗೆ

1989ರ ಮೇ ತಿಂಗಳಲ್ಲಿ ಚೆನ್ನಿ ಸಪ್ಪಗಾಯಿತು. ಮೊದಲು ಸೀಟಿ ನಿಂತಿತು. ಆಮೇಲೆ ಪರಾತದ ಹತ್ತಿರ ಬರುವುದು ನಿಂತಿತು. ಬಾಯಿ ತೆರೆದು ಉಸಿರಾಡುತ್ತಿತ್ತು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹೊಟ್ಟೆ ಮಾತ್ರ ಉಬ್ಬಿತ್ತು. ಉಬ್ಬಿದ ಹೊಟ್ಟೆ ನೋಡಿ ‘ಚಲೋ ತಿಂದೈತಿ, ಬಿಸಲಿಗೆ ಹಿಂಗ ಆಗೈತಿ’ ಅಂದುಕೊಂಡೆವು. ಕಾಕಾ ಅದನ್ನು ದನದ ಡಾಕ್ಟರ್ ಹತ್ತಿರ ಒಯ್ದರು. ಆಕಳು, ಎಮ್ಮೆ, ಎತ್ತು ನೋಡುವ ಒಳ್ಳೆಯ ಮನುಷ್ಯ ಅವರು. ಹಕ್ಕಿಯ ಬಾಯಿ ತೆರೆದು ನೋಡಿ, ರಕ್ತ ಕಡಿಮೆ ಆಗಿರಬೇಕು, ಬೆಲ್ಲದ ನೀರು ಕುಡಿಸಿ, ಶಕ್ತಿ ಬರುತ್ತದೆ ಅಂದರು. ಆಗ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಅವ್ವ ಮೂರು ದಿನ ಅದರ ಹತ್ತಿರವೇ ಕೂತಳು. ಮಹಾಲಿಂಗಪುರದ ಬೆಲ್ಲ, ನಮ್ಮ ತೋಟದ ಲಿಂಬೆ. ಪಾನಕ ಮಾಡಿ ಬೆರಳಲ್ಲಿ ಅದ್ದಿ ಕೊಕ್ಕಿನ ತುದಿಗೆ ಒಂದೊಂದೇ ಹನಿ ಬಿಡುತ್ತಿದ್ದಳು. ಚೆನ್ನಿ ಕುಡಿಯುತ್ತಿತ್ತು. ಮೂರನೇ ದಿನ ರಾತ್ರಿ ಅವಳ ಮಡಿಲಲ್ಲೇ ಸತ್ತುಹೋಯಿತು. ಹಿತ್ತಲಿನ ಲಿಂಬೆ ಗಿಡದ ಬುಡದಲ್ಲಿ ಹುಗಿದೆವು. ಆಯಿ ಎರಡು ದಿನ ಊಟ ಮಾಡಲಿಲ್ಲ.

ಎರಡು ಪಟ್ಟಿ

ಇದೆಲ್ಲ ಮರೆತಂತೆಯೇ ಇತ್ತು. ಹತ್ತು ವರ್ಷದ ಹಿಂದೆ ನನ್ನ ಮಗಳಿಗೆ ರಕ್ತ ಕಡಿಮೆ ಆಯಿತು. ಡಾಕ್ಟರ್ ಕಬ್ಬಿಣದ ಗುಳಿಗೆ ಕೊಟ್ಟರು. ಬೆಲ್ಲ, ಮಣೂಕ, ಸೊಪ್ಪು ಕೊಡಿ, ಗುಳಿಗೆಯನ್ನು ಲಿಂಬೆ ಶರಬತ್ತಿನ ಜೊತೆ ತಗೊಳ್ಳಲಿ, ಆಗ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಗುಳಿಗೆ ಆದ ಕೂಡಲೇ ಚಹಾ ಕುಡಿಯಬೇಡಿ, ಚಹಾದ ಒಗರು ಕಬ್ಬಿಣವನ್ನು ಹಿಡಿದು ಹೊರಗೆ ಒಯ್ಯುತ್ತದೆ ಅಂತ ಬರೆದುಕೊಟ್ಟರು. ಆ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ದೆ. ಅದೇ ತಿಂಗಳು ಮಗಳ ಶಾಲೆಯ ಪ್ರಾಜೆಕ್ಟಿಗಾಗಿ ಹಕ್ಕಿಗಳ ಬಗ್ಗೆ ಓದುತ್ತಾ ಕೂತಿದ್ದೆ. ಮೈನಾ ಸಾಕುವವರು ಏನು ಕೊಡಬಾರದು ಅನ್ನುವ ಪಟ್ಟಿ ಕಣ್ಣಿಗೆ ಬಿತ್ತು. ಒಣದ್ರಾಕ್ಷಿ ಬೇಡ. ಲಿಂಬೆ, ಕಿತ್ತಳೆ ಬೇಡ. ಕಬ್ಬಿಣ ಹೆಚ್ಚಿರುವುದು ಯಾವುದೂ ಬೇಡ. ಅದನ್ನು ಓದಿ ಎದ್ದು ಹೋಗಿ ಫ್ರಿಜ್ ಮುಂದೆ ನಿಂತೆ. ಮಗಳಿಗೆ ಏನೇನು ಕೊಡಿ ಅಂತಿತ್ತೋ ಅದೆಲ್ಲ ಹಕ್ಕಿಗೆ ಕೊಡಬೇಡಿ ಅಂತಿತ್ತು.

ಮೈನಾ, ಪಿಕಳಾರ, ಟೂಕನ್ ಥರದ ಹಕ್ಕಿಗಳಿಗೆ ಸಾಕುವವರು ಸಾಫ್ಟ್‌ಬಿಲ್ ಅಂತಾರೆ. ಕೊಕ್ಕು ಮೆತ್ತಗಿದೆ ಅಂತಲ್ಲ. ಗಿಳಿ, ಗುಬ್ಬಿಗಳ ಹಾಗೆ ಗಟ್ಟಿ ಕಾಳು ಒಡೆದು ತಿನ್ನುವುದಲ್ಲ, ಹಣ್ಣು, ಹುಳ, ಮಕರಂದದಂಥ ಮೆತ್ತನೆಯ ತಿನಿಸಿನ ಮೇಲೆ ಬದುಕುವ ಹಕ್ಕಿಗಳು ಅಂತ ಅರ್ಥ. ಕಾಡಿನ ಮೈನಾ ಮುಖ್ಯವಾಗಿ ಹಣ್ಣಿನ ಹಕ್ಕಿ. ಆಲ, ಅತ್ತಿ, ಬಸರಿ ಹಣ್ಣಾದಾಗ ಮರ ಬಿಟ್ಟು ಇಳಿಯುವುದೇ ಇಲ್ಲ. ಅಂಥ ಊಟದಲ್ಲಿ ಮೈಗೆ ಹತ್ತುವ ಕಬ್ಬಿಣ ತೀರಾ ಕಡಿಮೆ. ಹಾಗಾಗಿ ಅದರ ಕರುಳು ಸಿಕ್ಕಷ್ಟೂ ಕಬ್ಬಿಣ ಹೀರಿಕೊಳ್ಳುವುದನ್ನು ಕಲಿತಿದೆ. ಸಾಕು ಅನ್ನುವುದನ್ನು ಕಲಿತಿಲ್ಲ, ಕಲಿಯುವ ಪ್ರಸಂಗವೇ ಕಾಡಿನಲ್ಲಿ ಬರಲಿಲ್ಲ. ಮನೆಗೆ ಬಂದ ಮೇಲೆ ಜಾಸ್ತಿ ಆದದ್ದೆಲ್ಲ ಪಿತ್ತಜನಕಾಂಗದಲ್ಲಿ ಕೂಡುತ್ತದೆ, ವರ್ಷಗಟ್ಟಲೆ, ಹೊರಗೆ ಏನೂ ಕಾಣುವುದಿಲ್ಲ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಸಾಯುತ್ತದೆ. ಇಂಥ ಹಕ್ಕಿಗೆ ಕೊಡುವ ಒಂದು ಕಿಲೋ ಆಹಾರದಲ್ಲಿ ಕಬ್ಬಿಣ 100 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಲಿಂಬೆ, ಕಿತ್ತಳೆಯ ಸಿ ವಿಟಮಿನ್ ಊಟದಲ್ಲಿರುವ ಕಬ್ಬಿಣವನ್ನು ಇನ್ನಷ್ಟು ಹೀರಿಸುತ್ತದೆ. ರೋಗ ಬಂದರೆ ಮಾಡುವ ಒಂದು ಚಿಕಿತ್ಸೆ ಏನು ಗೊತ್ತಾ? ರಕ್ತ ತೆಗೆಯುವುದು. ರಕ್ತ ತೆಗೆದಷ್ಟೂ ಕೂಡಿಟ್ಟ ಕಬ್ಬಿಣ ಕರಗುತ್ತದೆ. ನಾವು ರಕ್ತ ಹೆಚ್ಚಿಸಲು ಹೊರಟಿದ್ದೆವು.

ಬೆಲ್ಲದ ವಿಷಯ ಇನ್ನೊಂದಿದೆ. ಕಬ್ಬಿನಿಂದ ಬಂದ ಸಕ್ಕರೆ, ಬೆಲ್ಲ ಎರಡೂ ಹೆಚ್ಚಾಗಿ ಸುಕ್ರೋಸ್. ಅದನ್ನು ಒಡೆಯುವ ಕಿಣ್ವ ಮೈನಾ ಸೇರಿದ ಸ್ಟಾರ್ಲಿಂಗ್ ಮನೆತನಕ್ಕೆ ಇಲ್ಲ. ಹಣ್ಣಿನಲ್ಲಿ ಬಿಡಿಯಾಗಿ ಸಿಗುವ ಗ್ಲೂಕೋಸ್, ಫ್ರಕ್ಟೋಸ್ ಅದಕ್ಕೆ ದಕ್ಕುತ್ತದೆ, ಬೆಲ್ಲ ದಕ್ಕುವುದಿಲ್ಲ, ಹೊಟ್ಟೆ ಕೆಡುತ್ತದೆ. ಹಾಲಿನದೂ ಹಾಗೆಯೇ. ಮೊಲೆ ಕುಡಿದು ಬೆಳೆಯದ ಜೀವಕ್ಕೆ ಹಾಲು ಅರಗುವುದು ಹೇಗೆ? ಇಷ್ಟು ಸರಳ ಮಾತು ನಮ್ಮ ತಲೆಗೆ ಬರಲಿಲ್ಲ. ಹಾಲು, ಬೆಲ್ಲ ಅಂದರೆ ನಮಗೆ ಪ್ರೀತಿ. ಬಾಣಂತಿಗೆ ಅದು, ಮಗುವಿಗೆ ಅದು, ದೇವರಿಗೂ ಅದೇ. ಚೆನ್ನಿ ಸರಿಯಾದ ಊಟ ತಿಂದಿದ್ದರೆ 15 ವರ್ಷ, ಅದಕ್ಕೂ ಹೆಚ್ಚು ಬದುಕಬಹುದಿತ್ತು. ನಾಲ್ಕು ವರ್ಷಕ್ಕೆ ಹೋಯಿತು. ಯಾರೂ ಅದರ ಹೊಟ್ಟೆ ಕೊಯ್ದು ನೋಡಲಿಲ್ಲ, ಆದರೆ ಆ ಉಬ್ಬಿದ ಹೊಟ್ಟೆ, ಆ ಬಾಲದ ಏರಿಳಿತ ನೆನಪಾದಾಗ ನನಗೆ ಸಂಶಯ ಉಳಿಯುವುದಿಲ್ಲ.

ಅದು ಯಾರ ಮಾತು

ಓದುತ್ತಾ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು, ಕಬ್ಬಿಣಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಅದು. ಮನುಷ್ಯರ ಮಾತನ್ನು ಇಷ್ಟು ಚೆನ್ನಾಗಿ ಕಲಿಯುವ ಈ ಮೈನಾ ಕಾಡಿನಲ್ಲಿ ಬೇರೆ ಯಾವ ಹಕ್ಕಿಯ ಕೂಗನ್ನೂ ಕಲಿಯುವುದಿಲ್ಲ. ಅಲ್ಲಿ ಅದು ಕಲಿಯುವುದು ತನ್ನ ನೆರೆಹೊರೆಯ ಮೈನಾಗಳ ಕೂಗನ್ನು ಮಾತ್ರ. ಅಕ್ಕಪಕ್ಕದ ಹಕ್ಕಿಗಳ ಕೂಗು ಒಂದಕ್ಕೊಂದು ಹೋಲುತ್ತದೆ, ದೂರ ಹೋದಂತೆ ಬೇರೆಯಾಗುತ್ತದೆ. ನಮ್ಮ ಇಂಡಿಯ ಮಾತಿಗೂ ಖಾನಾಪುರದ ಮಾತಿಗೂ ಇರುವ ಹಾಗೆ. ಎತ್ತರದ ಮರದ ಪೊಟರೆಯಿಂದ ಮರಿಯಾಗಿದ್ದಾಗಲೇ ತೆಗೆದು ತಂದ ಚೆನ್ನಿಗೆ ನೆರೆಹೊರೆ ಅಂತ ಇದ್ದವರು ನಾವೇ. ಅದು ನಮ್ಮನ್ನು ಅಣಕಿಸಲಿಲ್ಲ, ನಮ್ಮ ಓಣಿಯ ಮಾತು ಕಲಿಯಿತು. ಪಡಸಾಲೆಯಲ್ಲಿ ಅತಿ ಹೆಚ್ಚು ಕೇಳಿದ ಕೂಗನ್ನು ತಿರುಗಿ ಕೂಗಿತು.

ಗಿಳಿಗೂ ಸಾರಿಕೆಗೂ (ಮೈನಾದ ಹಳೆಯ ಹೆಸರು) ಮಾತು ಕಲಿಸುವುದನ್ನು ನಮ್ಮ ಹಿರಿಯರು 64 ಕಲೆಗಳಲ್ಲಿ ಒಂದು ಅಂತ ಎಣಿಸಿದ್ದರು. ಹಳೆಯ ಕಾವ್ಯಗಳ ಅರಮನೆಗಳಲ್ಲಿ ಈ ಹಕ್ಕಿಗಳು ಗುಟ್ಟು ಕೇಳಿಸಿಕೊಳ್ಳುತ್ತವೆ, ಸುದ್ದಿ ಹೇಳುತ್ತವೆ. ಅವು ಏನು ತಿನ್ನುತ್ತಿದ್ದವು ಅಂತ ನಾನು ಓದಿದ ಕಡೆ ಎಲ್ಲೂ ಇಲ್ಲ. ನಮ್ಮ ಗಮನವೆಲ್ಲ ಅದರ ಬಾಯಿಂದ ಹೊರಗೆ ಬರುವುದರ ಮೇಲೆ ಇತ್ತು, ಒಳಗೆ ಹೋಗುವುದರ ಮೇಲೆ ಇರಲಿಲ್ಲ.

ಈಗ ಕಾಯ್ದೆ ಬಿಗಿಯಾಗಿದೆ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಆದ ಮೇಲೆ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ ಪೂರ್ತಿ ನಿಂತಿತು, ಕನಿಷ್ಠ ಕಾಗದದ ಮೇಲೆ. ಗೊರವಂಕ ಹಿಡಿಯುವುದೂ ತಪ್ಪೇ. ಒಳ್ಳೆಯದೇ ಆಯಿತು. ಆದರೆ ಫೋನಿನಲ್ಲಿ ಮಾತಾಡುವ ಮೈನಾಗಳ ವಿಡಿಯೋ ದಿನಾ ಬರುತ್ತವೆ, ಅದರಲ್ಲಿ ಯಾರೋ ಪ್ರೀತಿಯಿಂದ ಬಿಸ್ಕಿಟ್ ತಿನ್ನಿಸುತ್ತಿರುತ್ತಾರೆ. ನನಗೆ ಕೊನೆತನಕ ನೋಡಲು ಆಗುವುದಿಲ್ಲ.

ಹಕ್ಕಿಯ ಊಟವನ್ನು ನಾವು ತೀರ್ಮಾನ ಮಾಡುವ ಈ ಗುಣ ಮನೆಗೆ ಮಾತ್ರ ಸೇರಿದ್ದಲ್ಲ. ನಮ್ಮ ಹೊಲದ ಗೊರವಂಕವನ್ನೇ ನೋಡಿ. ಮಿಡತೆ ತಿನ್ನಲಿ ಅಂತ 1762ರಲ್ಲಿ ಭಾರತದಿಂದ ಮಾರಿಷಸ್‌ಗೆ ಒಯ್ದರು. 1862ರಲ್ಲಿ ಮೆಲ್ಬರ್ನ್‌ಗೆ ಒಯ್ದರು. 1883ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳಿಗೆ ಬಿಟ್ಟರು, ಕಬ್ಬಿನ ಹುಳ ತಿನ್ನಲಿ ಅಂತ. ಅದು ಹುಳವನ್ನೂ ತಿಂದಿತು, ಹಣ್ಣನ್ನೂ ತಿಂದಿತು, ಅಲ್ಲಿನ ಗಿಳಿಗಳ ಪೊಟರೆಯನ್ನೂ ಹಿಡಿಯಿತು. 2000ದಲ್ಲಿ ಹೊರಗಿನಿಂದ ಬಂದು ಹಾವಳಿ ಮಾಡುವ ಜಗತ್ತಿನ 100 ಅತಿ ಕೆಟ್ಟ ಜೀವಿಗಳ ಪಟ್ಟಿ ಬಂದಾಗ ಅದರಲ್ಲಿ ಹಕ್ಕಿಗಳು ಇದ್ದದ್ದು ಮೂರೇ. ಒಂದು ಯುರೋಪಿನ ಸ್ಟಾರ್ಲಿಂಗ್. ಉಳಿದ ಎರಡು ನಮ್ಮ ಗೊರವಂಕ, ಮತ್ತೆ ಬಾಲದ ಬುಡದಲ್ಲಿ ಕೆಂಪಿರುವ ನಮ್ಮ ಪಿಕಳಾರ. ಪಿಕಳಾರ ಎಷ್ಟೋ ಕಡೆ ಹರಡಿದ್ದು ಪಂಜರದಿಂದ ತಪ್ಪಿಸಿಕೊಂಡೇ. ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಈಗಲೂ ಒಂದು ಜೋಡಿ ಇದೆ. ಅವನ್ನು ನೋಡುವಾಗ ಆ ಪಟ್ಟಿ ನೆನಪಾಗಿ ಬೇಸರವಾಗುತ್ತದೆ. ತಾವಾಗಿ ಹಡಗು ಹತ್ತಿ ಹೋದವಲ್ಲ ಅವು.

ತಾವಾಗಿ ಬರುವವೂ ಇವೆ. ಹಿಂಗಾರಿ ಜೋಳ ಹಾಲುಗಾಳಾಗಿ ನಾವು ಹೊಲದಲ್ಲಿ ಸೀತನಿ ಸುಡುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಇಳಿಯುತ್ತವೆ. ಮಧ್ಯ ಏಷ್ಯಾದ ಬಯಲುಗಳಿಂದ ಇಲ್ಲಿಯ ತನಕ ಹಾರಿ ಬಂದ ಮೈನಾ ಬಳಗದವೇ. ಅಪ್ಪ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ತೆನೆ ಹಾಳು ಮಾಡುತ್ತವೆ ಅಂತ ಬೈಯುತ್ತಿದ್ದರು, ಮಿಡತೆ ತಿನ್ನುವುದೂ ಅವೇ ಅಂತ ಅವರೇ ಹೇಳುತ್ತಿದ್ದರು. ಅವಕ್ಕೆ ಏನು ಬೇಕೋ ಅದನ್ನು ಅವು ಹುಡುಕಿಕೊಂಡು ತಿಂದು ಹೋಗುತ್ತಿದ್ದವು.

ಡಬ್ಬಿಯೊಳಗಿನ ಮರಿ

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಏನೂ ಕೊಡಬೇಡ. ನೀರನ್ನೂ ಬಾಯಿಗೆ ಬಿಡಬೇಡ, ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಅಲ್ಲಿಗೆ ಇಳಿದರೆ ಅಷ್ಟೇ. ಪುಕ್ಕ ಬಂದ ಮರಿ ಗೂಡಿನಿಂದ ಇಳಿದು ಕೆಲವು ದಿನ ನೆಲದಲ್ಲೇ ಕುಪ್ಪಳಿಸುತ್ತದೆ, ತಂದೆ ತಾಯಿ ಅಲ್ಲಿಗೇ ಬಂದು ತಿನ್ನಿಸುತ್ತವೆ. ಅದು ಬಿದ್ದದ್ದಲ್ಲ, ಇಳಿದದ್ದು. ಪುಕ್ಕವೇ ಇಲ್ಲದ ಬರಿಮೈ ಮರಿ ಆಗಿದ್ದರೆ ಗೂಡಿಗೆ ತಿರುಗಿ ಇಡಬೇಕಿತ್ತು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಇಷ್ಟೆಲ್ಲ ಕೇಳಿ ಅವನು ‘ಹಂಗಾದ್ರ ಹಸದು ಸಾಯ್ತೈತಲ್ರಿ ಕಾಕು’ ಅಂದ. ಕಣ್ಣಲ್ಲಿ ನೀರಿತ್ತು. ಏನಾದರೂ ಕೊಡದೆ ಹೇಗೆ ಬಿಟ್ಟು ಬರುವುದು ಅನ್ನುವುದು ಅವನ ಸಂಕಟ. ನನಗೆ ಅರ್ಥವಾಯಿತು, ನಾನು ಅದೇ ಮನೆಯಲ್ಲಿ ಬೆಳೆದವಳು. ವಾಯರ್ ಮೇಲಿನ ಎರಡು ಹಕ್ಕಿಗಳನ್ನು ತೋರಿಸಿದೆ. ಅವನು ಆಗ ಮೊದಲ ಸಲ ತಲೆ ಎತ್ತಿ ನೋಡಿದ.

ಕೊಕ್ಕು ಒರೆಸಿ, ಮರಿಯನ್ನು ಕಾಂಪೌಂಡಿನ ಮೂಲೆಯ ದಾಸವಾಳದ ಗಿಡದೊಳಗೆ ಕೂರಿಸಿದೆವು. ಬೆಕ್ಕು ಬಾರದಂತೆ ನೋಡಲು ಇಬ್ಬರೂ ಬಾಗಿಲಿನ ಒಳಗೆ ಕೂತೆವು. ಅವ್ವನ ಕೈಯಿಂದ ಬಟ್ಟಲು ಇಸಿದುಕೊಂಡು ಹುಡುಗನಿಗೆ ಕೊಟ್ಟೆ. ಬಿಸಿಲಲ್ಲಿ ಓಡಿ ಬಂದಿದ್ದ, ಒಂದೇ ಗುಟುಕಿಗೆ ಪಾನಕ ಕುಡಿದ. ಅರ್ಧ ತಾಸಿನ ಮೇಲೆ ಒಂದು ಹಕ್ಕಿ ಬಾಯಲ್ಲಿ ಹಸಿರು ಮಿಡತೆ ಹಿಡಿದು ಕಾಂಪೌಂಡಿಗೆ ಇಳಿಯಿತು. ಆ ಕಡೆ ಈ ಕಡೆ ನೋಡಿತು. ಗಿಡದೊಳಗೆ ಹೋಯಿತು. ಬರುವಾಗ ಬಾಯಿ ಖಾಲಿ.

ರಾತ್ರಿ ಹಾಸಿಗೆ ಹಾಕುವಾಗ ಅವ್ವ ತಾನಾಗಿ ಚೆನ್ನಿಯ ಮಾತು ತೆಗೆದಳು. 30 ವರ್ಷಕ್ಕಿಂತ ಹೆಚ್ಚಾಗಿತ್ತು ಅವಳ ಬಾಯಲ್ಲಿ ಆ ಹೆಸರು ಕೇಳಿ. ‘ಆಯಿಗೆ ಭಾಳ ದುಃಖ ಆತು ಆವಾಗ’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆದ್ರೂ ಒಂದ ಸಮಾಧಾನ ಐತಿ ನೋಡವ್ವಾ. ಕಡೀತನಕ ನನ್ನ ಕೈಲೆ ಪಾನಕ ಕುಡೀತು. ಹಸದು ಹೋಗಲಿಲ್ಲ ಅದು.’

‘ಹೌದವ್ವಾ’ ಅಂದೆ. ಲೈಟ್ ಆರಿಸಿದೆ.